ಟಿ.ಸಿ. ಕೊಡದ ವಾರ

ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಕಳೆದ ಮೇಲೆ ನಮ್ಮ ಕಡೆ ಭೂತಗಳ ಕೋಲ ಇಲ್ಲ, ನೇಮ ಇಲ್ಲ, ಯಕ್ಷಗಾನದ ಮೇಳಗಳೂ ಗಂಟುಮೂಟೆ ಕಟ್ಟಿ ಮನೆ ಸೇರುತ್ತವೆ. ಊರೆಲ್ಲ ತಣ್ಣಗೆ ಕೂತುಕೊಳ್ಳುವ ಆ ವಾರದಲ್ಲೇ ಸರ್ಕಾರಿ ಶಾಲೆಯ ಟೀಚರಿಗೆ ಜಾತ್ರೆ ಶುರುವಾಗುತ್ತದೆ. ಬಾಗಿಲಿಗೆ ಮಾವಿನ ಎಲೆ ಕಟ್ಟಬೇಕು, ಪುಸ್ತಕದ ಕಟ್ಟು ಬಂತೋ ನೋಡಬೇಕು, ಪಾಯಸಕ್ಕೆ ಬೆಲ್ಲ ತರಿಸಬೇಕು, ಕಳೆದ ವರ್ಷ ಬಂದ ಮಕ್ಕಳು ಈ ವರ್ಷವೂ ಬರುತ್ತಾರೋ ಎಂದು ಮನೆಮನೆಗೆ ಹೋಗಿ ಕೇಳಬೇಕು. ಇಷ್ಟೆಲ್ಲ ವರ್ಷ ಮಾಡಿದರೂ ನನಗೆ ಈ ಕೆಲಸ ಬೇಸರ ತಂದಿಲ್ಲ. ಹೊಸ ಹಾಜರಿ ಪುಸ್ತಕದ ಮೊದಲ ಪುಟ ತೆರೆಯುವಾಗ ಈಗಲೂ ಹೊಸ ಸೀರೆ ಉಟ್ಟಷ್ಟು ಖುಷಿಯಾಗುತ್ತದೆ.

ನಾನು ಮೂಡುಬಿದಿರೆಯಲ್ಲಿರುವವಳು. ಬೆಳಿಗ್ಗೆ ವೇಣೂರು ದಾರಿಯ ಬಸ್ಸು ಹಿಡಿದು ಗುರುವಾಯನಕೆರೆಯಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹೋಗಿ, ಕೊನೆಗೆ ಗುಡ್ಡದ ದಾರಿಯಲ್ಲಿ ಹತ್ತು ನಿಮಿಷ ನಡೆದರೆ ನನ್ನ ಶಾಲೆ. ಒಂದರಿಂದ ಏಳರವರೆಗೆ ತರಗತಿಗಳು, ಮೂವರು ಟೀಚರುಗಳು. ಸಣ್ಣ ಮಕ್ಕಳಿಗೆ ಒಬ್ಬರು, ನಾಲ್ಕು ಮತ್ತು ಐದಕ್ಕೆ ಮಿಜಾರಿನಿಂದ ಬರುವ ಅತಿಥಿ ಶಿಕ್ಷಕಿ, ಆರು ಮತ್ತು ಏಳು ಒಂದೇ ಕೋಣೆಯಲ್ಲಿ ನನ್ನ ಪಾಲಿಗೆ. ಮುಖ್ಯೋಪಾಧ್ಯಾಯರು ನಿವೃತ್ತರಾದ ಮೇಲೆ ಅವರ ಕುರ್ಚಿಯೂ ಪ್ರಭಾರ ಎಂಬ ಹೆಸರಿನಲ್ಲಿ ನನಗೇ ಬಂದಿದೆ. ಹಾಗಾಗಿ ನಾನು ಪಾಠ ಮಾಡುವಾಗ ಫೋನು ಬರುತ್ತದೆ, ಫೋನಿನಲ್ಲಿ ಮಾತಾಡುವಾಗ ಮಕ್ಕಳು ಗಲಾಟೆ ಮಾಡುತ್ತಾರೆ, ಗಲಾಟೆ ನಿಲ್ಲಿಸಲು ಹೋದರೆ ಅಡುಗೆಯ ಅಕ್ಕ ಬಂದು ಎಷ್ಟು ಅಕ್ಕಿ ಹಾಕಲಿ ಎಂದು ಕೇಳುತ್ತಾಳೆ.

ಇಂಥ ಶಾಲೆ ನಡೆಯುವುದು ಹೇಗೆ ಎಂದು ಕೇಳುವವರಿಗೆ ನಮ್ಮಲ್ಲೊಂದು ಗುಟ್ಟಿದೆ. ಪ್ರತಿ ಸಣ್ಣ ಶಾಲೆಯಲ್ಲೂ ಚುರುಕಾದ ಹುಡುಗಿ ಒಬ್ಬಳಿರುತ್ತಾಳೆ. ಅವಳು ಅರ್ಧ ಟೀಚರು. ಇಲಾಖೆಯ ಯಾವ ಪಟ್ಟಿಯಲ್ಲೂ ಅವಳ ಹುದ್ದೆ ಇಲ್ಲ, ಆದರೆ ಅವಳಿಲ್ಲದೆ ಗಂಟೆ ಹೊಡೆಯುವುದಿಲ್ಲ, ಪ್ರಾರ್ಥನೆ ಶುರುವಾಗುವುದಿಲ್ಲ. ನಾವು ಟೀಚರುಗಳು ತರಬೇತಿಗೆ ಸೇರಿದಾಗ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದುಂಟು, ‘ನಿಮ್ಮಲ್ಲಿ ಈ ವರ್ಷ ಯಾರಿದ್ದಾರೆ?’ ಎಂದು. ಯಾವ ಟೀಚರಿಗೂ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಶಾಲೆಯ ಆ ಹುಡುಗಿ ಹೋದ ವರ್ಷ ಏಳನೇ ತರಗತಿಗೆ ಬಂದಳು. ಎರಡು ಜಡೆ, ಉದ್ದ ಕೈ, ಮಾತು ಕಡಿಮೆ. ನಾಲ್ಕನೇ ತರಗತಿಯಲ್ಲಿದ್ದಾಗಲೇ ಒಂದನೆಯ ಮಕ್ಕಳ ಮೂಗು ಒರೆಸಿ ಚಪ್ಪಲಿ ಸಾಲಾಗಿ ಇಡಿಸುತ್ತಿದ್ದವಳು. ಐದರಲ್ಲಿ ನಾನು ಅವಳ ಕೈಗೆ ಕೋಣೆಗಳ ಬೀಗದ ಕೈ ಕೊಟ್ಟೆ. ಆರರಲ್ಲಿ ನನ್ನ ಫೋನು ಕೊಟ್ಟೆ. ಬಿಸಿಯೂಟಕ್ಕೆ ಎಷ್ಟು ಮಕ್ಕಳು ಕೂತರು ಎಂಬ ಲೆಕ್ಕವನ್ನು ದಿನವೂ ಫೋನಿನಲ್ಲಿ ತುಂಬಿಸಬೇಕು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವಳು ತುಂಬಿಸಿ ಮುಗಿಸಿರುತ್ತಿದ್ದಳು.

ಶಾಲೆ ತೆರೆಯುವ ಹಿಂದಿನ ದಿನ ನಾನು ಆರು-ಏಳರ ಕೋಣೆಯ ಮುಂದೆ ನಿಂತಾಗ ಬೀಗದ ತೂತಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಬೀಗದ ಕೈ ಒಳಗೆ ಹೋಗಲೇ ಇಲ್ಲ. ನಾನು ಅದರೊಂದಿಗೆ ಗುದ್ದಾಡುತ್ತಿರುವಾಗ ಹಿಂದಿನಿಂದ ಅವಳು ಬಂದು, ಲಂಗದಿಂದ ಪಿನ್ನು ತೆಗೆದು, ಮಣ್ಣು ಕೆರೆದು ಬಾಗಿಲು ತೆರೆದಳು. ಬಾ ಎಂದು ಯಾರೂ ಅವಳನ್ನು ಕರೆದಿರಲಿಲ್ಲ. ಒಳಗೆ ಬಾವಲಿಯ ವಾಸನೆ, ಬೆಂಚಿನ ಕಾಲಿಗೆ ಗೆದ್ದಲು, ಹಲಗೆಯ ಮೇಲೆ ‘ನಾಳೆ ಎಲ್ಲರೂ ಸ್ಕೇಲ್ ತರಬೇಕು’ ಎಂಬ ಮಾರ್ಚ್ ತಿಂಗಳ ನನ್ನ ಅಪ್ಪಣೆ. ಅವಳು ಪೊರಕೆ ಹಿಡಿದಳು.

ಕೋಣೆ ಗುಡಿಸಿ ಮುಗಿದ ಮೇಲೆ ನಾನು ಬೆಂಚಿನ ಮೇಲೆ ಡ್ರಾಯಿಂಗ್ ಹಾಳೆ ಹರಡಿ ವರ್ಷದ ಕೆಲಸಗಳ ಪಟ್ಟಿ ಬರೆಯಲು ಕೂತೆ. ಪ್ರತಿ ವರ್ಷ ಅದನ್ನು ಬರೆದು ಗೋಡೆಗೆ ಅಂಟಿಸುವುದು ನನ್ನ ಪದ್ಧತಿ. ಗಂಟೆ ಯಾರು, ಪ್ರಾರ್ಥನೆ ಯಾರು, ಊಟದ ಲೆಕ್ಕ ಯಾರು, ಸಣ್ಣವರ ಟೀಚರು ಸಭೆಗೆ ಹೋದರೆ ಅಲ್ಲಿ ಕೂರುವುದು ಯಾರು, ಆರನೆಯವರಿಗೆ ಮಗ್ಗಿ ಕೇಳುವುದು ಯಾರು. ನಾನು ಬರೆಯುತ್ತಾ ಹೋದೆ, ಅವಳು ಕಿಟಕಿ ಒರೆಸುತ್ತಾ ನೋಡುತ್ತಿದ್ದಳು. ಬರೆದು ಮುಗಿಸಿ ಎತ್ತಿ ತೋರಿಸಿದೆ. ಹನ್ನೆರಡು ಸಾಲಿನಲ್ಲಿ ಒಂಬತ್ತು ಕಡೆ ಅವಳ ಹೆಸರಿತ್ತು.

‘ಹೇಗುಂಟು?’ ಎಂದು ಕೇಳಿದೆ.

‘ಚಂದ ಉಂಟು ಟೀಚರ್’ ಎಂದಳು. ಆಮೇಲೆ ಬಟ್ಟೆ ಹಿಂಡಿ ಇನ್ನೊಂದು ಕಿಟಕಿಗೆ ಹೋದಳು.

ನನಗೆ ಆಗ ಇದ್ದದ್ದು ಹೆಮ್ಮೆ ಮಾತ್ರ. ಅದಕ್ಕೆ ಕಾರಣವೂ ಇದೆ. ನಾನು ಕಲಿತದ್ದು ಪೊಳಲಿ ಹತ್ತಿರದ ಒಂದು ಶಾಲೆಯಲ್ಲಿ, ಅಲ್ಲಿ ಗಂಟೆ ಹೊಡೆಯುವ ಹುಡುಗಿ ನಾನೇ ಆಗಿದ್ದೆ. ಮಾಸ್ತರರು ಚಾ ಕುಡಿಯಲು ಹೋದರೆ ಬೆತ್ತ ನನ್ನ ಕೈಗೆ ಬರುತ್ತಿತ್ತು. ಆ ಬೆತ್ತ ಹಿಡಿದು ತರಗತಿಯ ಮುಂದೆ ನಿಂತಾಗ ಆಗುತ್ತಿದ್ದ ಸಂತೋಷ ನನಗೆ ಆಮೇಲೆ ಮದುವೆಯಲ್ಲೂ ಆಗಲಿಲ್ಲ. ನಾನು ಟೀಚರಾದದ್ದೇ ಅದರಿಂದ. ಈ ಹುಡುಗಿಗೂ ನಾನು ಅದೇ ಸಂತೋಷವನ್ನು ಕೈತುಂಬ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ.

ಮರುದಿನ ಶುಕ್ರವಾರ ಶಾಲೆ ತೆರೆಯಿತು. ಒಂದನೆಯ ತರಗತಿಗೆ ಹೊಸದಾಗಿ ಬಂದ ಐದು ಮಕ್ಕಳಲ್ಲಿ ಮೂವರು ಅತ್ತರು, ಒಬ್ಬನು ಅಮ್ಮನ ಸೆರಗು ಬಿಡಲಿಲ್ಲ, ಒಬ್ಬಳು ಮಾತ್ರ ಬಂದವಳೇ ಬಲೂನು ಕಿತ್ತುಕೊಂಡು ಓಡಿದಳು. ಆರು-ಏಳರವರು ಸಾಲಾಗಿ ನಿಂತು ಅವರಿಗೆ ಹೂ ಕೊಟ್ಟರು. ಎರಡು ತಿಂಗಳಲ್ಲಿ ನನ್ನ ಮಕ್ಕಳೆಲ್ಲ ಒಂದಿಷ್ಟು ಉದ್ದವಾಗಿದ್ದರು. ಹುಡುಗರ ಚಡ್ಡಿ ಗಿಡ್ಡವಾಗಿತ್ತು, ಸ್ವರ ಒಡೆದಿತ್ತು, ಒಬ್ಬ ನಮಸ್ತೇ ಎಂದದ್ದನ್ನು ಕೇಳಿ ನಾನು ಯಾರೋ ಗಂಡಸರು ಬಂದಿದ್ದಾರೆಂದು ತಲೆಯೆತ್ತಿ ನೋಡಿದೆ. ಏಳನೆಯಲ್ಲಿ ಹನ್ನೊಂದು ಮಂದಿ, ಹನ್ನೊಂದೂ ಹಾಜರು. ಜಗಲಿಯಲ್ಲಿ ಒದ್ದೆ ಕೊಡೆಗಳು ಸಾಲಾಗಿ ಕೂತಿದ್ದವು, ಕೋಣೆಯಲ್ಲಿ ಒಲೆಯ ಮೇಲೆ ಒಣಗಿಸಿದ ಸಮವಸ್ತ್ರದ ಹೊಗೆ ವಾಸನೆ. ನನಗೆ ಅವರನ್ನೆಲ್ಲ ಒಟ್ಟಿಗೆ ಅಪ್ಪಿಕೊಳ್ಳಬೇಕು ಅನಿಸಿತು. ಬದಲಿಗೆ ಉಗುರು ಕತ್ತರಿಸಿಲ್ಲ ಎಂದು ಗದರಿಸಿದೆ.

ಪಾಯಸದ ಹೊತ್ತಿಗೆ ಹುಡುಗಿಯ ಅಪ್ಪ ಬಂದರು. ಗಲ್ಫಿನಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವವರು, ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ಮೆತ್ತಗೆ ಮಾತಾಡುವ ಮನುಷ್ಯ. ಕಚೇರಿಯ ಬಾಗಿಲಲ್ಲಿ ಚಪ್ಪಲಿ ಕಳಚಿ ನಿಂತರು.

‘ಟೀಚರ್, ಒಂದು ಟಿ.ಸಿ. ಬೇಕಿತ್ತು.’

‘ಯಾರದ್ದು?’

‘ಮಗಳದ್ದು. ಗುರುವಾಯನಕೆರೆಯಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಒಂದು ಸೀಟು ಉಂಟು ಅಂತ ಹೇಳಿದ್ದಾರೆ. ನಾನು ಗುರುವಾರ ವಾಪಸು ಹೋಗ್ಲಿಕ್ಕೆ ಉಂಟು. ಅಷ್ಟರ ಒಳಗೆ ಸೇರಿಸಿ ಹೋಗುವ ಅಂತ.’

ಟಿ.ಸಿ. ಎಂದರೆ ಮಗುವನ್ನು ಒಂದು ಶಾಲೆಯಿಂದ ಬಿಡಿಸಿ ಇನ್ನೊಂದು ಶಾಲೆಗೆ ಕಳಿಸುವ ಕಾಗದ. ಅದಕ್ಕೆ ಸಹಿ ಹಾಕಬೇಕಾದವಳು ನಾನು. ಹಾಕಬಾರದು ಎಂದು ನಾನು ಆ ಕ್ಷಣವೇ ನಿಶ್ಚಯಿಸಿದೆ. ಏಳನೆಯಲ್ಲಿ ಹನ್ನೊಂದು ಹತ್ತಾಗುತ್ತದೆ, ಹೀಗೇ ಕಡಿಮೆಯಾದರೆ ಒಂದು ದಿನ ಒಬ್ಬ ಟೀಚರನ್ನು ಬೇರೆ ಕಡೆಗೆ ಹಾಕುತ್ತಾರೆ, ಇದೆಲ್ಲ ಆಮೇಲೆ ನಾನು ಬೇರೆಯವರಿಗೆ ಹೇಳಿದ ಕಾರಣ. ನಿಜವಾದ ಕಾರಣ ಅದಲ್ಲ. ಆ ಹುಡುಗಿ ಇಲ್ಲದ ಶಾಲೆಯನ್ನು ನನಗೆ ಮನಸ್ಸಿನಲ್ಲಿ ಎಣಿಸಲಿಕ್ಕೇ ಆಗಲಿಲ್ಲ. ಗುರುವಾರದವರೆಗೆ ಹೇಗಾದರೂ ತಳ್ಳಿದರೆ ಅಪ್ಪ ವಿಮಾನ ಹತ್ತುತ್ತಾರೆ, ಅಮ್ಮ ಒಬ್ಬಳೇ ಇಷ್ಟೆಲ್ಲ ಓಡಾಡುವವಳಲ್ಲ, ಹುಡುಗಿ ನನಗೇ ಉಳಿಯುತ್ತಾಳೆ. ಇಷ್ಟು ಲೆಕ್ಕ ಹಾಕಲು ನನಗೆ ಅರ್ಧ ನಿಮಿಷ ಬೇಕಾಗಲಿಲ್ಲ.

‘ಇವತ್ತು ಪ್ರಾರಂಭೋತ್ಸವ ಅಲ್ವಾ? ಮೊದಲು ಪಾಯಸ ಊಟ ಮಾಡಿ. ಸೋಮವಾರ ಬನ್ನಿ, ನೋಡುವ’ ಎಂದೆ.

ಪಾಪ, ಅವರು ಪಾಯಸ ಉಂಡು, ಎಲೆ ತಾವೇ ಎತ್ತಿ, ಬರುತ್ತೇನೆ ಎಂದು ಹೇಳಿ ಹೋದರು. ಆಮೇಲೆ ನಾನು ಹುಡುಗಿಯನ್ನು ನೋಡಿದೆ. ಅವಳು ಬಕೆಟ್ಟು ಹಿಡಿದು ಎರಡನೆಯ ಸಲ ಪಾಯಸ ಬಡಿಸುತ್ತಿದ್ದಳು. ಅಪ್ಪ ಹಟ ಹಿಡಿದು ಎಳೆದುಕೊಂಡು ಹೋಗುತ್ತಿದ್ದಾರೆ, ಪಾಪದ ಮಗು ಬಾಯಿ ಬಿಡುತ್ತಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ. ಅವಳನ್ನು ಕರೆದು ತಲೆ ಸವರಿ, ‘ನೀನು ಹೆದರ್ಬೇಡ ಮಗಾ, ನಾನು ನಿನ್ನನ್ನು ಬಿಡುದಿಲ್ಲ’ ಎಂದೆ. ಅವಳು ಕಣ್ಣು ಕೆಳಗೆ ಮಾಡಿ ನಿಂತಳು. ಅದನ್ನು ಕೃತಜ್ಞತೆ ಎಂದು ತಿಳಿದ ನನ್ನ ಬುದ್ಧಿಗೆ ಏನು ಹೇಳುವುದು.

ಶನಿವಾರ ನಾನು ಇನ್ನೊಂದು ಕೆಲಸ ಮಾಡಿದೆ. ನಮ್ಮಲ್ಲಿ ಶಾಲಾ ಮಂತ್ರಿಮಂಡಲದ ಚುನಾವಣೆ ಎಂದರೆ ಸಣ್ಣ ವಿಷಯವಲ್ಲ. ಫೋನನ್ನೇ ಮತಯಂತ್ರ ಮಾಡಿ, ಬೆರಳಿಗೆ ಮಾರ್ಕರ್ ಹಚ್ಚಿ, ಸಾಲಲ್ಲಿ ನಿಲ್ಲಿಸಿ ವೋಟು ಹಾಕಿಸುತ್ತೇವೆ. ಆಹಾರ ಮಂತ್ರಿ, ಆರೋಗ್ಯ ಮಂತ್ರಿ, ತೋಟದ ಮಂತ್ರಿ, ಎಲ್ಲರೂ ಇದ್ದಾರೆ. ಹಂಚಿನ ಮಾಡು ಸೋರುವ ಜೂನ್ ತಿಂಗಳಲ್ಲಿ ನೀರಾವರಿ ಮಂತ್ರಿಗೆ ಏನು ಕೆಲಸ ಎಂದು ಯಾರೂ ಕೇಳುವುದಿಲ್ಲ. ಪ್ರತಿ ವರ್ಷ ಇದು ಜೂನ್ ಮಧ್ಯದಲ್ಲಿ ನಡೆಯುವುದು. ಆ ವರ್ಷ ನಾನು ಎರಡನೆಯ ದಿನವೇ ನಡೆಸಿದೆ. ಶಾಲಾ ನಾಯಕಿಯಾಗಿ ಪ್ರಮಾಣವಚನ ತೆಗೆದುಕೊಂಡವಳು ಶಾಲೆ ಬಿಡುವುದು ಹೇಗೆ ಎಂಬುದು ನನ್ನ ಉಪಾಯ. ಅತಿಥಿ ಶಿಕ್ಷಕಿ, ‘ಇಷ್ಟು ಬೇಗ ಯಾಕೆ ಟೀಚರ್? ಪುಸ್ತಕ ಕೊಟ್ಟು ಮುಗಿದಿಲ್ಲ’ ಎಂದು ಕೇಳಿದರೆ, ಮೇಲಿನಿಂದ ಹೇಳಿದ್ದಾರೆ ಎಂದು ಬಾಯಿ ಮುಚ್ಚಿಸಿದೆ. ಮೇಲೆ ಇದ್ದದ್ದು ಫ್ಯಾನು ಮಾತ್ರ.

ನನ್ನ ಹುಡುಗಿಗೆ ಒಂದು ಮತ ಬಿಟ್ಟು ಉಳಿದ ಎಲ್ಲ ಮತ ಬಿದ್ದವು. ಆ ಒಂದು ಮತ ಅವಳದ್ದೇ. ಎದುರಿಗೆ ನಿಂತಿದ್ದ, ಇಡೀ ಶಾಲೆಯಲ್ಲಿ ಅತಿ ಹೆಚ್ಚು ಗಲಾಟೆ ಮಾಡುವ ಹುಡುಗನಿಗೆ ಅವಳು ವೋಟು ಹಾಕಿದ್ದಳು. ತಾನು ಅವಳಿಗೆ ಹಾಕಿದೆ, ಅವಳು ತನಗೆ ಹಾಕಿದಳು ಎಂದು ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಎಷ್ಟು ದೊಡ್ಡ ಮನಸ್ಸು ನೋಡಿ ಎಂದು ನಾನು ಸಭೆಯಲ್ಲಿ ಹೊಗಳಿ ಚಪ್ಪಾಳೆ ಹೊಡೆಸಿದೆ. ಅವಳು ಕೈ ಮುಂದೆ ಮಾಡಿ ಪ್ರಮಾಣವಚನ ಓದಿದಳು. ಸ್ವರ ಸ್ವಲ್ಪ ಸಣ್ಣದಾಗಿತ್ತು.

ಮಧ್ಯಾಹ್ನ ಪಾತ್ರೆ ತೊಳೆಯುವಲ್ಲಿ ಅಡುಗೆಯ ಅಕ್ಕ ನನ್ನನ್ನು ನಿಲ್ಲಿಸಿದಳು. ಹುಡುಗಿಯ ಮನೆ ಪಕ್ಕದಲ್ಲೇ ಇರುವವಳು ಅವಳು.

‘ಟೀಚರ್, ಆ ಮಗುವಿನ ಟಿ.ಸಿ. ಕೊಡ್ಲಿಲ್ಲ ಅಂತೆ?’

‘ಕೊಡುದು ಎಂತಕ್ಕೆ? ಒಂದು ವರ್ಷ ಇಲ್ಲೇ ಮುಗಿಸಿ ಹೋಗ್ಲಿ. ಅವಳಿಗೆ ಹೋಗ್ಲಿಕ್ಕೆ ಮನಸ್ಸಿಲ್ಲ.’

‘ಅವಳು ಹೇಳಿದ್ಳಾ?’

‘ಹೇಳ್ಬೇಕಾ? ನನಗೆ ಗೊತ್ತಾಗುದಿಲ್ವಾ?’

ಅಕ್ಕ ಪಾತ್ರೆ ಉಜ್ಜುತ್ತಾ, ‘ಒಂದ್ಸಲ ಕೇಳಿ ನೋಡಿ ಟೀಚರ್’ ಎಂದಳು. ಅವಳಿಗೆ ಬೇರೆ ಕೆಲಸ ಇಲ್ಲ ಎಂದುಕೊಂಡು ನಾನು ಬಂದುಬಿಟ್ಟೆ. ನನ್ನ ಶಾಲೆಯ ಮಕ್ಕಳ ಬಗ್ಗೆ ಇನ್ನೊಬ್ಬರು ನನಗೆ ಹೇಳಿದರೆ ನನಗೆ ಮೂಗಿನ ಮೇಲೆ ಸಿಟ್ಟು ಬರುತ್ತದೆ.

ಸೋಮವಾರ ಅಪ್ಪ ಬಂದರು. ನಾನು ಕಂಪ್ಯೂಟರಿನ ಮುಂದೆ ಕೂತು ಎರಡು ಸಲ ಕೀಲಿಗಳನ್ನು ಒತ್ತಿ, ಮುಖ ಸಣ್ಣ ಮಾಡಿ, ‘ಸರ್ವರ್ ಇಲ್ಲ’ ಎಂದೆ. ಇದರಷ್ಟು ಒಳ್ಳೆಯ ಸುಳ್ಳು ನಮ್ಮ ಕಾಲದಲ್ಲಿ ಇನ್ನೊಂದಿಲ್ಲ. ಯಾರೂ ತಿರುಗಿ ಕೇಳುವುದಿಲ್ಲ, ಯಾರ ಮೇಲೂ ಸಿಟ್ಟು ಮಾಡುವುದಿಲ್ಲ. ‘ಹೌದಾ, ಬ್ಯಾಂಕಲ್ಲಿ ಕೂಡ ಹಾಗೇ ಹೇಳಿದ್ರು’ ಎಂದು ಅವರು ನನ್ನನ್ನೇ ಸಮಾಧಾನ ಮಾಡಿ ಹೋದರು. ಕಂಪ್ಯೂಟರಿನಲ್ಲಿ ಆಗ ಹುಡುಗಿಯ ಹೆಸರಿನ ಪುಟ ತೆರೆದೇ ಇತ್ತು. ಒಂದು ಗುಂಡಿ ಒತ್ತಿದರೆ ಕೆಲಸ ಮುಗಿಯುತ್ತಿತ್ತು.

ಮಂಗಳವಾರದ ದಿನ ದೇವರು ನನ್ನ ಪಕ್ಷಕ್ಕೇ ಬಂದ ಹಾಗಾಯಿತು. ಮಳೆ ಜೋರಾಗಿ ಶಾಲೆಗಳಿಗೆಲ್ಲ ರಜೆ ಕೊಟ್ಟರು. ನಾನು ಮನೆಯಲ್ಲಿ ಗಂಜಿಗೆ ಉಪ್ಪಿನಕಾಯಿ ನೆಕ್ಕುತ್ತಾ, ಒಂದು ದಿನ ಕಳೆಯಿತು, ಇನ್ನು ಒಂದೇ ದಿನ ಎಂದು ಎಣಿಸಿದೆ. ಮಕ್ಕಳಿಗೆ ಮಳೆಯ ರಜೆ ಸಿಕ್ಕಿದರೆ ಆಗುವ ಸಂತೋಷ ನನಗೆ ಈ ವಯಸ್ಸಿನಲ್ಲಿ ಆಯಿತು, ಅದೂ ಇಂಥ ಕಾರಣಕ್ಕೆ. ಬರೆಯಲು ನಾಚಿಕೆಯಾಗುತ್ತದೆ.

ಬುಧವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದದ್ದೇ ಅಪ್ಪ ಬಂದರು. ಅಂಗಿ ಒದ್ದೆಯಾಗಿತ್ತು. ಈ ಸಲ ಅವರು ಕೂತುಕೊಳ್ಳಲಿಲ್ಲ.

‘ಟೀಚರ್, ಇವತ್ತು ಆಗದಿದ್ರೆ ಆಗುದಿಲ್ಲ. ನಾಳೆ ಬೆಳಿಗ್ಗೆ ಹೋಗ್ಲಿಕ್ಕೆ ಉಂಟು ನನಗೆ.’

‘ಎಂತ ಮಾಡುದು ಹೇಳಿ. ನಿನ್ನೆಯ ಮಳೆಗೆ ನೆಟ್‌ವರ್ಕೇ ಇಲ್ಲ. ನನ್ನ ಕೈಯಲ್ಲಿ ಇದ್ರೆ ಈಗಲೇ ಕೊಡ್ತಿದ್ದೆ’ ಎಂದು ನಾನು ಕೈ ಚೆಲ್ಲಿದೆ.

ಹುಡುಗಿ ಹಾಜರಿ ಪುಸ್ತಕ ಇಡಲು ಒಳಗೆ ಬಂದಿದ್ದಳು. ಮೇಜಿನ ಬದಿಯಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು:

‘ಟೀಚರ್, ಧ್ವಜಕಟ್ಟೆಯ ಹತ್ರ ಸಿಗ್ತದೆ. ನಾನು ಊಟದ ಲೆಕ್ಕ ದಿನಾ ಅಲ್ಲೇ ನಿಂತು ಕಳಿಸುದು. ಇವತ್ತು ಕೂಡ ನೋಡಿದೆ, ಉಂಟು.’

ಅಪ್ಪ ನೆಲ ನೋಡಿದರು. ಅವರಿಗೆ ಎಲ್ಲ ಅರ್ಥವಾಗಿತ್ತು, ಆದರೆ ಟೀಚರ ಸುಳ್ಳನ್ನು ಟೀಚರ ಮುಖಕ್ಕೇ ಹೇಳುವ ಮನುಷ್ಯ ಅವರಲ್ಲ. ‘ನಾನು ಹೊರಗೆ ಇರ್ತೇನೆ’ ಎಂದು ಜಗಲಿಗೆ ಹೋದರು. ನನ್ನ ಮುಖ ಬೆಂಕಿಯಾಗಿತ್ತು. ಸಿಟ್ಟು ಬಂದದ್ದು ಹುಡುಗಿಯ ಮೇಲೆ ಎಂದು ಹೇಳಿದರೆ ನೀವು ನಂಬಬೇಕು. ಇಷ್ಟೆಲ್ಲ ನಾನು ಯಾರಿಗಾಗಿ ಮಾಡುತ್ತಿದ್ದೇನೆ, ಇವಳೇ ಬಂದು ನನ್ನ ಕಾಲು ಎಳೆಯುತ್ತಾಳಲ್ಲ ಎಂಬ ಸಿಟ್ಟು.

‘ನಿನಗೆ ಹೋಗ್ಲಿಕ್ಕೆ ಮನಸ್ಸುಂಟಾ?’ ಎಂದು ಕೇಳಿದೆ. ಆರು ದಿನದಲ್ಲಿ ಮೊದಲ ಸಲ ಕೇಳಿದ್ದು.

‘ಉಂಟು ಟೀಚರ್.’

‘ಅಪ್ಪ ಹೇಳಿದ್ದಾ?’

‘ಅಲ್ಲ. ಅಪ್ಪ ಇಲ್ಲೇ ಸಾಕು ಅಂತ ಹೇಳಿದ್ರು. ನಾನೇ ಕೇಳಿದ್ದು.’

ನನಗೆ ತಕ್ಷಣ ಹೊಳೆದದ್ದು ಇಂಗ್ಲಿಷ್. ಎಲ್ಲರಿಗೂ ಈಗ ಇಂಗ್ಲಿಷೇ ಬೇಕಲ್ಲ. ಅದಕ್ಕೆ ನಾನು ಬೇರೆ ಪುಸ್ತಕ ತಂದು ಕಲಿಸುತ್ತೇನೆ, ಬೆಳಿಗ್ಗೆ ಬೇಗ ಬರುತ್ತೇನೆ ಎಂದೆಲ್ಲ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಬಸ್ಸಿಗಾ, ಹೊಸ ಸಮವಸ್ತ್ರಕ್ಕಾ ಎಂದು ಕೇಳಿದೆ. ಅದೂ ಅಲ್ಲ. ಹಾಜರಿ ಪುಸ್ತಕದ ಮೂಲೆಯನ್ನು ಉಗುರಿನಿಂದ ಮಡಚುತ್ತಾ ಬಿಡಿಸುತ್ತಾ ಇದ್ದಳು.

‘ಮತ್ತೆಂತಕ್ಕೆ ಮಗಾ? ಅಲ್ಲಿ ಹೋಗಿ ಎಂತ ಮಾಡ್ತಿ?’

‘ಎಂತ ಇಲ್ಲ ಟೀಚರ್. ಹಿಂದಿನ ಬೆಂಚಲ್ಲಿ ಕೂತ್ಕೊಳ್ತೇನೆ.’

ನನಗೆ ಅರ್ಥವಾಗಲಿಲ್ಲ. ಅವಳು ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿ ಹೇಳಿದಳು. ಆ ಶಾಲೆಯಲ್ಲಿ ಒಂದು ತರಗತಿಗೆ ನಲವತ್ತು ಮಕ್ಕಳಂತೆ. ಅವಳ ಚಿಕ್ಕಮ್ಮನ ಮಗಳು ಅಲ್ಲಿಗೆ ಹೋಗುತ್ತಾಳೆ. ಅಲ್ಲಿ ಗಂಟೆ ಹೊಡೆಯಲು ಬೇರೆ ಜನ ಇದ್ದಾರಂತೆ. ಬೀಗ ತೆಗೆಯಲು ಇನ್ನೊಬ್ಬರು. ಪಾಠ ನಡೆಯುವಾಗ ಯಾರೂ ಬಂದು ಹೊರಗೆ ಕರೆಯುವುದಿಲ್ಲವಂತೆ. ‘ಅಲ್ಲಿ ಪೂರ್ತಿ ಪಾಠ ಕೇಳ್ಬಹುದು ಟೀಚರ್. ಕೇಳದಿದ್ರೂ ಯಾರಿಗೂ ಗೊತ್ತಾಗುದಿಲ್ಲ.’

ಇದರಲ್ಲಿ ದೂರು ಇರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಅವಳು ಆರನೆಯಲ್ಲಿದ್ದಾಗ ನಾನು ಮಾಡಿದ ಪಾಠಗಳಲ್ಲಿ ಇವಳು ಆದಿಯಿಂದ ಅಂತ್ಯದವರೆಗೆ ಬೆಂಚಿನಲ್ಲಿ ಕೂತು ಕೇಳಿದ್ದು ಯಾವುದು ಎಂದು ಎಣಿಸಲು ನೋಡಿದೆ. ವಿಜ್ಞಾನ ನಡೆಯುವಾಗ ಅಕ್ಕಿ ಅಳೆಯಲು ಕಳಿಸಿದ್ದೆ. ಸಮಾಜ ನಡೆಯುವಾಗ ಒಂದನೆಯ ತರಗತಿಗೆ ಕಳಿಸಿದ್ದೆ. ಅವಳು ಹೇಗೂ ಓದಿಕೊಳ್ಳುತ್ತಾಳೆ, ಹೇಗೂ ಎಲ್ಲದರಲ್ಲೂ ಮುಂದಿದ್ದಾಳೆ ಎಂಬ ಧೈರ್ಯ ನನಗೆ. ಮಳೆಗಾಲದ ಬಿಡುವಿನಲ್ಲಿ ಹುಡುಗಿಯರು ಜಗಲಿಯಲ್ಲಿ ಕಲ್ಲಾಟ ಆಡುತ್ತಾರಲ್ಲ, ಆ ಗುಂಪಿನಲ್ಲಿ ಇವಳನ್ನು ನಾನು ನೋಡಿದ ನೆನಪೇ ಬರಲಿಲ್ಲ.

ಆದರೂ ನಾನು ಸುಲಭಕ್ಕೆ ಸೋಲುವವಳಲ್ಲ. ಕೊನೆಯ ಪ್ರಯತ್ನ ಮಾಡಿದೆ.

‘ಇಲ್ಲೇ ಹಿಂದಿನ ಬೆಂಚಲ್ಲಿ ಕೂತ್ಕೊ. ನಾನು ಎಂತ ಕೆಲಸವೂ ಹೇಳುದಿಲ್ಲ. ನಾಯಕಿ ಬೇರೆಯವರನ್ನು ಮಾಡುವ.’

ಅವಳು ಮೊದಲ ಸಲ ನನ್ನ ಮುಖ ನೋಡಿ ಸ್ವಲ್ಪ ನಕ್ಕಳು. ನನ್ನನ್ನು ಸಣ್ಣ ಮಗುವನ್ನು ನೋಡಿದ ಹಾಗೆ ನೋಡಿದಳು.

‘ನಿಮಗೆ ಆಗುದಿಲ್ಲ ಟೀಚರ್. ನೀವು ಎರಡು ದಿನ ಬಿಡ್ತೀರಿ. ಮತ್ತೆ ಫೋನ್ ಬಂದ್ರೆ ನನ್ನನ್ನೇ ಕರೀತೀರಿ. ನೀವು ಕರೆದ್ರೆ ನನಗೆ ಬರದೆ ಇರ್ಲಿಕ್ಕೆ ಆಗುದಿಲ್ಲ.’

ನಾನು ಕುರ್ಚಿಯಲ್ಲಿ ಕೂತೆ. ಹನ್ನೆರಡು ವರ್ಷದ ಹುಡುಗಿ ನನ್ನ ಸ್ವಭಾವ ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದಳು, ತಿಳಿದುಕೊಂಡೂ ನನ್ನ ಮೇಲೆ ಪ್ರೀತಿ ಇಟ್ಟುಕೊಂಡಿದ್ದಳು. ಕಣ್ಣಿಗೆ ನೀರು ಬಂತು. ಕನ್ನಡಕ ಒರೆಸುವ ನೆಪ ಮಾಡಿದೆ.

ಟಿ.ಸಿ. ಬರೆಯಲು ಧ್ವಜಕಟ್ಟೆಗೆ ಹೋಗುವ ಅಗತ್ಯವಿರಲಿಲ್ಲ, ಕಚೇರಿಯಲ್ಲೇ ಸರ್ವರೂ ಇತ್ತು, ನೆಟ್‌ವರ್ಕೂ ಇತ್ತು. ಹತ್ತು ನಿಮಿಷದಲ್ಲಿ ಕಾಗದ ಹೊರಗೆ ಬಂತು. ನಡತೆ ಎಂಬಲ್ಲಿ ಎಲ್ಲರಿಗೂ ‘ಉತ್ತಮ’ ಎಂದು ಬರೆಯುವುದು ರೂಢಿ. ನಾನು ‘ಅತ್ಯುತ್ತಮ’ ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿ ಅಪ್ಪನನ್ನು ಒಳಗೆ ಕರೆದೆ. ಅವರು ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

‘ಟೀಚರ್, ಬೇಜಾರು ಮಾಡ್ಬೇಡಿ. ಅವಳು ಎಂತದೂ ಬೇಕು ಅಂತ ಕೇಳುವವಳಲ್ಲ. ಇದೊಂದು ಕೇಳಿದ್ಳು. ನನಗೆ ಇಲ್ಲ ಅಂತ ಹೇಳ್ಲಿಕ್ಕೆ ಆಗ್ಲಿಲ್ಲ.’

‘ನನಗೆ ಕೇಳ್ಲಿಕ್ಕೇ ಗೊತ್ತಾಗ್ಲಿಲ್ಲ. ಸೋಮವಾರದ ಸರ್ವರಿನ ವಿಷಯ ನೀವು ಮನಸ್ಸಿಗೆ ತಗೊಳ್ಬೇಡಿ’ ಎಂದೆ ನಾನು.

ಅವರು ನಕ್ಕು ಕೈ ಮುಗಿದರು. ಹೊರಡಲು ಬಾಗಿಲಿಗೆ ಹೋದವರನ್ನು ಹುಡುಗಿಯೇ ನಿಲ್ಲಿಸಿದಳು. ‘ಅಪ್ಪ, ಪುಸ್ತಕದಲ್ಲಿ ಸಹಿ ಹಾಕ್ಲಿಕ್ಕೆ ಉಂಟು’ ಎಂದು ಕಪಾಟಿನಿಂದ ದಾಖಲಾತಿ ಪುಸ್ತಕ ತೆಗೆದು, ತನ್ನದೇ ಹೆಸರಿನ ಪುಟ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದುಕೊಟ್ಟಳು. ಟಿ.ಸಿ. ಪಡೆದವರ ಸಹಿ ತೆಗೆದುಕೊಳ್ಳಬೇಕು ಎಂಬುದು ಆ ಗಡಿಬಿಡಿಯಲ್ಲಿ ನನಗೆ ಮರೆತೇಹೋಗಿತ್ತು. ಅಪ್ಪ ಸಹಿ ಹಾಕಿದರು. ಅವಳು ಪುಸ್ತಕವನ್ನು ಮತ್ತೆ ಕಪಾಟಿನಲ್ಲಿಟ್ಟು, ಬೀಗದ ಕೈಗಳ ಗೊಂಚಲನ್ನು ನನ್ನ ಮೇಜಿನ ಮೇಲಿಟ್ಟು ಹೋದಳು.

ಆ ದಿನ ಹತ್ತು ನಿಮಿಷ ತಡವಾಗಿ ಊಟದ ಗಂಟೆ ಹೊಡೆಯಿತು. ಮರುದಿನ ಸಣ್ಣವರ ಕೋಣೆಯ ಬೀಗದ ಕೈ ಯಾವುದೆಂದು ತಿಳಿಯದೆ ಗೊಂಚಲಿನ ಒಂದೊಂದನ್ನೂ ಹಾಕಿ ನೋಡಿದೆ. ಊಟದ ಲೆಕ್ಕವನ್ನು ನಾನೇ ತುಂಬಿಸಿದೆ, ಮೊದಲ ದಿನ ತಪ್ಪಿ, ಎರಡನೆಯ ದಿನವೂ ತಪ್ಪಿ. ಗೋಡೆಯ ಪಟ್ಟಿಯನ್ನು ಕಿತ್ತು ವಾರಕ್ಕೊಬ್ಬರಂತೆ ಹಾಜರಿಯ ಕ್ರಮದಲ್ಲಿ ಹೊಸತು ಬರೆದೆ. ಗಲಾಟೆಯ ಹುಡುಗ ತನ್ನ ವಾರದಲ್ಲಿ ದಿನಕ್ಕೆ ಎರಡು ಸಲ ಹೆಚ್ಚಿಗೆ ಗಂಟೆ ಹೊಡೆದ. ಶಾಲೆ ಏನೂ ಮುಳುಗಲಿಲ್ಲ. ಅವಳನ್ನು ನೆನೆಸಿಕೊಂಡು ನನಗೆ ಕೆಲವು ದಿನ ಊಟ ಸೇರಲಿಲ್ಲ ಎಂಬುದೂ ನಿಜ.

ಜುಲೈ ಕೊನೆಯಲ್ಲಿ ಒಂದು ಸಂಜೆ ಗುರುವಾಯನಕೆರೆಯಲ್ಲಿ ಮೂಡುಬಿದಿರೆಯ ಬಸ್ಸು ಕಾಯುತ್ತಾ ನಿಂತಿದ್ದೆ. ಹೊಸ ಸಮವಸ್ತ್ರದ ಹುಡುಗಿಯರ ಗುಂಪೊಂದು ಒಂದೇ ಕೊಡೆಯೊಳಗೆ ನೂಕಾಡುತ್ತಾ, ನಗುತ್ತಾ ಬಂತು. ಅದರಲ್ಲಿ ಅತಿ ಜೋರಾಗಿ ನಗುತ್ತಿದ್ದವಳು ಅವಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ಸ್ವರವನ್ನು ನಾನು ಕೇಳಿಯೇ ಇರಲಿಲ್ಲ. ನನ್ನನ್ನು ಕಂಡದ್ದೇ ಗುಂಪು ಬಿಟ್ಟು ಮಳೆಯಲ್ಲೇ ಓಡಿ ಬಂದಳು.

‘ಹೇಗುಂಟು ಮಗಾ ಶಾಲೆ?’

‘ಲಾಯ್ಕುಂಟು ಟೀಚರ್’ ಎಂದವಳು ಅತ್ತಿತ್ತ ನೋಡಿ, ಗುಟ್ಟು ಹೇಳುವ ಹಾಗೆ ಹತ್ತಿರ ಬಂದಳು. ಕಣ್ಣು ಹೊಳೆಯುತ್ತಿತ್ತು. ‘ನಿನ್ನೆ ನನಗೆ ಬೈದ್ರು ಟೀಚರ್. ಕ್ಲಾಸಲ್ಲಿ ಮಾತಾಡಿದ್ದಕ್ಕೆ. ಹಿಂದಿನ ಬೆಂಚಿಂದ ಎಬ್ಬಿಸಿ ಮುಂದೆ ಕೂರಿಸಿದ್ರು.’

ಬಹುಮಾನ ಬಂದ ಸುದ್ದಿ ಹೇಳುವಾಗಲೂ ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನೋಡಿರಲಿಲ್ಲ. ಬೇರೆ ಯಾವ ಮಗು ಹೇಳಿದ್ದರೂ ನಾನು ನಾಲ್ಕು ಬುದ್ಧಿಮಾತು ಹೇಳುತ್ತಿದ್ದೆ. ಅವಳಿಗೆ ಹೇಳಲಿಲ್ಲ. ಒದ್ದೆಯಾದ ತಲೆಯನ್ನು ನನ್ನ ಸೆರಗಿನಿಂದ ಒರೆಸಿ, ಹೋಗು, ನಿನ್ನ ಬಸ್ಸು ಬಂತು ಎಂದು ಕಳಿಸಿದೆ. ಆರು ವರ್ಷ ಅವಳು ನನ್ನ ಶಾಲೆಯಲ್ಲಿದ್ದಳು. ಒಂದು ಸಲವೂ ನಾನು ಅವಳಿಗೆ ಬೈದಿರಲಿಲ್ಲ. ಬೈಸಿಕೊಳ್ಳುವಂಥದ್ದು ಏನಾದರೂ ಮಾಡಲು ನಾನು ಆ ಮಗುವಿಗೆ ಪುರುಸೊತ್ತೇ ಕೊಟ್ಟಿರಲಿಲ್ಲ.